ಕಂದು ಬಣ್ಣ ಹೆಚ್ಚಾದಾಗ ಹೆಚ್ಚಾದದ್ದು ಏನು? ದೊಡ್ಡ ಕರುಳಿನ ಕ್ಯಾನ್ಸರ್ ಸ್ಲೈಡುಗಳ ನಡುವೆ ಕಲಿತ ಪಾಠ

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯ ಒಂದು ಸ್ಲೈಡಿಗೆ ಪಿ62 ಎಂಬ ಪ್ರೋಟೀನನ್ನು ಗುರುತಿಸುವ ಆಂಟಿಬಾಡಿ ಹಾಕಿದಾಗ ಗಡ್ಡೆಯ ಕೋಶಗಳೆಲ್ಲ ಗಾಢ ಕಂದು ಬಣ್ಣಕ್ಕೆ ತಿರುಗಿದವು ಎಂದಿಟ್ಟುಕೊಳ್ಳೋಣ. ಇಂಥ ಚಿತ್ರವನ್ನು ನೋಡಿ ‘ಈ ಗಡ್ಡೆಯಲ್ಲಿ ಆಟೋಫೇಜಿ (ಕೋಶ ತನ್ನದೇ ಹಳೆಯ ಭಾಗಗಳನ್ನು ಅರಗಿಸಿಕೊಳ್ಳುವ ಕ್ರಿಯೆ) ಹೆಚ್ಚಾಗಿದೆ’ ಎಂದು ತೀರ್ಮಾನಿಸಿದ ಸಂಶೋಧನಾ ಪ್ರಬಂಧಗಳನ್ನು ನಾನು ಓದಿದ್ದೇನೆ. ‘ಆಟೋಫೇಜಿ ಕುಂಠಿತವಾಗಿದೆ’ ಎಂದು ತೀರ್ಮಾನಿಸಿದವನ್ನೂ ಓದಿದ್ದೇನೆ. ಬೆಂಗಳೂರಿನ ಒಂದು ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ, ಪ್ಯಾರಾಫಿನ್ ಬ್ಲಾಕುಗಳಿಂದ ಕತ್ತರಿಸಿದ ತೆಳುಪದರಗಳ ಮೇಲೆ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಅಂದರೆ ನಮ್ಮ ನಿತ್ಯದ ಮಾತಿನ ಐಎಚ್‌ಸಿ, ನನ್ನ ಕೆಲಸ. ಒಂದೇ ಬಣ್ಣಕ್ಕೆ ಎರಡು ವಿರುದ್ಧ ಅರ್ಥಗಳು ಹೇಗೆ ಬರುತ್ತವೆ ಎಂಬುದು ಈ ವೃತ್ತಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರ ಸರಳವಾದದ್ದೇ: ಕೋಶದಲ್ಲಿ ಒಂದು ಪ್ರೋಟೀನು ಎಷ್ಟು ಕಾಣುತ್ತದೆಯೋ ಅದು, ತಯಾರಾದದ್ದರಲ್ಲಿ ವಿಲೇವಾರಿಯಾದದ್ದು ಕಳೆದು ಉಳಿದ ಮೊತ್ತ. ಬಣ್ಣ ಗಾಢವಾಗಿದ್ದರೆ ತಯಾರಿ ಹೆಚ್ಚಾಗಿರಬಹುದು, ವಿಲೇವಾರಿ ನಿಂತಿರಲೂಬಹುದು. ಇವೆರಡರಲ್ಲಿ ಯಾವುದು ಎಂದು ಬಣ್ಣವೊಂದೇ ಹೇಳಲಾರದು.

ಆಟೋಫೇಜಿ ಎಂದರೆ ಜೀವಕೋಶವು ತನ್ನದೇ ಒಳಗಿನ ಹಳೆಯ ಪ್ರೋಟೀನುಗಳನ್ನು, ಕೆಟ್ಟುಹೋದ ಮೈಟೊಕಾಂಡ್ರಿಯಗಳನ್ನು ಎರಡು ಪೊರೆಗಳ ಚೀಲವೊಂದರಲ್ಲಿ ಸುತ್ತಿ, ಆ ಚೀಲವನ್ನು ಲೈಸೋಸೋಮಿನೊಂದಿಗೆ ಬೆಸೆದು, ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕೆಲಸ ಮಾಡುವ ಕಿಣ್ವಗಳಿಂದ ಅರಗಿಸಿ, ದೊರೆತ ಅಮೈನೊ ಆಮ್ಲಗಳನ್ನು ಮತ್ತೆ ಬಳಸಿಕೊಳ್ಳುವ ಕ್ರಿಯೆ. ಲೈಸೋಸೋಮನ್ನು ಕಂಡುಹಿಡಿದ ಬೆಲ್ಜಿಯಂನ ವಿಜ್ಞಾನಿ ಕ್ರಿಸ್ಟಿಯಾನ್ ಡಿ ಡ್ಯೂವ್ 1963ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಆದರೆ ಇದರ ಜೀನುಗಳು ಗೊತ್ತಾದದ್ದು 1990ರ ದಶಕದಲ್ಲಿ, ಜಪಾನಿನ ಯೊಶಿನೊರಿ ಓಸುಮಿಯವರು ಯೀಸ್ಟಿನ ಮೇಲೆ ಮಾಡಿದ ಕೆಲಸದಿಂದ. ಅದಕ್ಕಾಗಿ ಅವರಿಗೆ 2016ರ ನೊಬೆಲ್ ಬಹುಮಾನ ಬಂದಿತು. ಓಸುಮಿಯವರ ಮೂಲ ಪ್ರಯೋಗದ ವಿಧಾನವನ್ನು ನಮ್ಮ ವಿಭಾಗಕ್ಕೆ ಬರುವ ಪ್ರತಿ ವಿದ್ಯಾರ್ಥಿಗೂ ನಾನು ವಿವರಿಸುತ್ತೇನೆ. ಆರೋಗ್ಯವಂತ ಯೀಸ್ಟ್ ಕೋಶದಲ್ಲಿ ಆಟೋಫೇಜಿ ನಡೆಯುತ್ತಿದ್ದರೂ ಮೈಕ್ರೋಸ್ಕೋಪಿಗೆ ಏನೂ ಕಾಣುವುದಿಲ್ಲ, ಏಕೆಂದರೆ ಚೀಲಗಳು ತಲುಪಿದ ಕೂಡಲೇ ಕರಗಿಹೋಗುತ್ತವೆ. ಅವರು ಅರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯೊಂದನ್ನು ಆರಿಸಿಕೊಂಡು ಅದಕ್ಕೆ ಆಹಾರ ನಿಲ್ಲಿಸಿದರು; ಆಗ ಕರಗಲಾರದ ಚೀಲಗಳು ಕೂಡಿಕೊಂಡು ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಣ್ಣಿಗೆ ಬಿದ್ದವು. ಈ ಕ್ಷೇತ್ರದ ಬುನಾದಿಯ ಪ್ರಯೋಗವೇ ವಿಲೇವಾರಿಯನ್ನು ತಡೆದು ಹರಿವನ್ನು ಕಂಡುಕೊಂಡ ಪ್ರಯೋಗ ಎಂಬುದನ್ನು ಮರೆತಾಗಲೇ ಗೊಂದಲ ಹುಟ್ಟುವುದು.

ಮನುಷ್ಯರ ಅಂಗಾಂಶದಲ್ಲಿ ನಾವು ನೋಡುವ ಮುಖ್ಯ ಸೂಚಕಗಳು ಎರಡು. ಮೊದಲನೆಯದು ಎಲ್‌ಸಿ3. ಇದು ಕೋಶದ್ರವದಲ್ಲಿ ಚದುರಿಕೊಂಡಿರುವ ಪ್ರೋಟೀನು. ಆಟೋಫೇಜಿ ಆರಂಭವಾದಾಗ ಇದಕ್ಕೆ ಒಂದು ಕೊಬ್ಬಿನ ಅಣು ಅಂಟಿಕೊಂಡು, ಎಲ್‌ಸಿ3-2 ಎಂಬ ರೂಪ ತಳೆದು, ಚೀಲದ ಪೊರೆಯ ಮೇಲೆ ಕೂರುತ್ತದೆ. ಯೀಸ್ಟಿನ ಆಟೋಫೇಜಿ ಪ್ರೋಟೀನಾದ ಎಟಿಜಿ8ಕ್ಕೆ ಸಮನಾದ ಸ್ತನಿಗಳ ಪ್ರೋಟೀನು ಇದೇ ಎಂದು ತೋರಿಸಿದ ಜಪಾನಿನ ಪ್ರಬಂಧ 2000ದಲ್ಲಿ ಬಂತು. ಸ್ಲೈಡಿನಲ್ಲಿ ಚದುರಿದ ಎಲ್‌ಸಿ3 ಮಸುಕಾದ ಹರಡಿದ ಬಣ್ಣವಾಗಿಯೂ, ಚೀಲಕ್ಕೆ ಅಂಟಿದ್ದು ಸಣ್ಣ ಚುಕ್ಕಿಗಳಾಗಿಯೂ ಕಾಣುತ್ತದೆ. ಎರಡನೆಯದು ಪಿ62. ಇದರ ಒಂದು ತುದಿ ಯುಬಿಕ್ವಿಟಿನ್ ಎಂಬ ನಾಶದ ಗುರುತು ಬಿದ್ದ ತ್ಯಾಜ್ಯವನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಎಲ್‌ಸಿ3ಯನ್ನು ಹಿಡಿಯುತ್ತದೆ. ಹೀಗೆ ತ್ಯಾಜ್ಯವನ್ನು ಚೀಲದೊಳಗೆ ಸೇರಿಸುವಾಗ ತಾನೂ ಒಳಗೆ ಹೋಗಿ ಜೀರ್ಣವಾಗುತ್ತದೆ. ಆದ್ದರಿಂದಲೇ ಪಿ62 ಕೂಡಿಕೊಂಡಿದ್ದರೆ ಆಟೋಫೇಜಿ ಸಾಗುತ್ತಿಲ್ಲ ಎಂಬ ಮೊದಲ ಊಹೆ ಹುಟ್ಟುವುದು. ಊಹೆ ಎನ್ನುವ ಪದವನ್ನು ಬೇಕೆಂದೇ ಬಳಸಿದ್ದೇನೆ. ಕಾರಣ ಮುಂದೆ ಬರುತ್ತದೆ.

ಕೆರೆಯ ನೀರಿನ ಮಟ್ಟವನ್ನು ಒಂದು ದಿನ ಹೋಗಿ ನೋಡಿದವನಿಗೆ ಒಳಹರಿವು ಹೆಚ್ಚಾಗಿದೆಯೋ ತೂಬು ಮುಚ್ಚಿದೆಯೋ ತಿಳಿಯದು. ತಿಳಿಯಬೇಕಾದರೆ ತೂಬನ್ನು ಬೇಕೆಂದೇ ಮುಚ್ಚಿ, ಮಟ್ಟ ಎಷ್ಟು ಬೇಗ ಏರುತ್ತದೆ ಎಂದು ಅಳೆಯಬೇಕು. ಪ್ರಯೋಗಾಲಯದಲ್ಲಿ ಈ ಕೆಲಸವನ್ನು ಬ್ಯಾಫಿಲೊಮೈಸಿನ್ ಅಥವಾ ಕ್ಲೋರೊಕ್ವಿನ್ ಮಾಡುತ್ತವೆ. ಬ್ಯಾಫಿಲೊಮೈಸಿನ್ ಲೈಸೋಸೋಮಿಗೆ ಆಮ್ಲ ತುಂಬುವ ಪಂಪನ್ನು ನಿಲ್ಲಿಸುತ್ತದೆ. ಅರಗುವುದು ನಿಂತು, ಅಷ್ಟರಲ್ಲಿ ಬಂದ ಎಲ್‌ಸಿ3-2 ಎಲ್ಲವೂ ಉಳಿದುಕೊಳ್ಳುತ್ತದೆ. ಹಾಗೆ ಉಳಿದ ಹೆಚ್ಚುವರಿ ಪ್ರಮಾಣವೇ ಆಟೋಫೇಜಿಯ ನಿಜವಾದ ಹರಿವಿನ ಅಳತೆ.

ನಮ್ಮಲ್ಲಿ ಕೆಲಸ ಮಾಡಿದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಆಕೆ ಒಂದು ಗಿಡಮೂಲಿಕೆಯ ಸಾರವನ್ನು ಎಚ್‌ಸಿಟಿ116 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಹಾಕಿ, ಪ್ರತಿ ಮಾದರಿಯ ಪ್ರೋಟೀನನ್ನು ಒಂದೊಂದು ಸಾಲಿನಲ್ಲಿ (ಲೇನ್) ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ತೆಗೆದು ತಂದಿದ್ದರು. (ನಮ್ಮ ದೇಶದ ಜೀವವಿಜ್ಞಾನ ವಿಭಾಗಗಳಲ್ಲಿ ಸಸ್ಯಸಾರದ ಪ್ರಯೋಗ ಮಾಡದೆ ಹೊರಬಿದ್ದವರು ವಿರಳ ಎಂದು ನನಗೆ ಆಗಾಗ ಅನ್ನಿಸುತ್ತದೆ.) ಸಾರ ಹಾಕಿದ ಲೇನಿನಲ್ಲಿ ಎಲ್‌ಸಿ3-2ರ ಪಟ್ಟಿ ದಟ್ಟವಾಗಿತ್ತು. “ಮೇಡಂ, ಆಟೋಫೇಜಿ ಚೆನ್ನಾಗಿ ಇಂಡ್ಯೂಸ್ ಆಗಿದೆ” ಎಂದರು. “ಬ್ಯಾಫಿಲೊಮೈಸಿನ್ ಹಾಕಿದ ಲೇನ್ ಎಲ್ಲಿದೆಯಮ್ಮ?” ಎಂದು ಕೇಳಿದೆ. ಅದು ಇರಲಿಲ್ಲ. ಮುಂದಿನ ಸಲ ನಾಲ್ಕು ಲೇನುಗಳು ಬಂದವು: ಏನೂ ಹಾಕದ್ದು, ಸಾರ ಮಾತ್ರ, ಬ್ಯಾಫಿಲೊಮೈಸಿನ್ ಮಾತ್ರ, ಎರಡೂ ಸೇರಿದ್ದು. ಸಾರವು ನಿಜಕ್ಕೂ ಆಟೋಫೇಜಿಯನ್ನು ಹೆಚ್ಚಿಸುವುದಾಗಿದ್ದರೆ ಎರಡೂ ಸೇರಿದ ಲೇನಿನ ಪಟ್ಟಿ ಬ್ಯಾಫಿಲೊಮೈಸಿನ್ ಮಾತ್ರ ಹಾಕಿದ ಲೇನಿಗಿಂತ ದಟ್ಟವಾಗಬೇಕಿತ್ತು. ಆಗಲಿಲ್ಲ, ಎರಡೂ ಒಂದೇ ಸಮ ಇದ್ದವು. ಅಂದರೆ ಆ ಸಾರ ಮಾಡುತ್ತಿದ್ದದ್ದು ಬ್ಯಾಫಿಲೊಮೈಸಿನ್ನಿನ ಕೆಲಸವನ್ನೇ. ಅದು ಅರಗುವುದನ್ನು ತಡೆಯುತ್ತಿತ್ತು. ಅದೇ ದಟ್ಟ ಪಟ್ಟಿಯ ಅರ್ಥ ಪೂರ್ತಿ ತಿರುಗಿಬಿಟ್ಟಿತು, ಮತ್ತು ನನ್ನ ದೃಷ್ಟಿಯಲ್ಲಿ ಆ ಎರಡನೆಯ ಫಲಿತಾಂಶವೇ ಹೆಚ್ಚು ಆಸಕ್ತಿಯದು.

ಹರಿವನ್ನು ಅಳೆಯಲು ಜೀವಂತ ಕೋಶ ಬೇಕು. ಫಾರ್ಮಾಲಿನ್‌ನಲ್ಲಿ ಹೆಪ್ಪುಗಟ್ಟಿಸಿ ಮೇಣದಲ್ಲಿ ಹೂತ ರೋಗಿಯ ಗಡ್ಡೆಗೆ ಬ್ಯಾಫಿಲೊಮೈಸಿನ್ ಹಾಕಲಾಗದು. ಹಾಗಿದ್ದರೆ ಸ್ಲೈಡಿನಿಂದ ಏನು ಹೇಳಬಹುದು ಎಂಬುದಕ್ಕೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ಆಟೋಫೇಜಿಯ ಸಾಹಿತ್ಯಕ್ಕಿಂತ ಹೆಚ್ಚಾಗಿ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ನಾವು ಬಹುಕಾಲದಿಂದ ಬಳಸುತ್ತಿರುವ ಹಳೆಯ ಸೂಚಕಗಳು. ಅವುಗಳನ್ನು ಒಂದೊಂದಾಗಿ ನೋಡಿದರೆ ಬಹುತೇಕ ಎಲ್ಲವೂ ವಿಲೇವಾರಿಯ ಕಥೆಯನ್ನೇ ಹೇಳುತ್ತಿವೆ.

ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನಿಂದ ಆರಂಭಿಸೋಣ. ಬಹುಪಾಲು ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಮೊದಲು ಕೆಡುವ ಜೀನು ಎಪಿಸಿ. ಕರುಳಿನ ಒಳಗೋಡೆಯ ಸಣ್ಣ ಗಂಟಾದ ಪಾಲಿಪ್‌ನಿಂದ ಕ್ಯಾನ್ಸರಿನವರೆಗಿನ ಹೆಜ್ಜೆಗಳನ್ನು ಎಪಿಸಿ, ಕೆ-ರಾಸ್, ಪಿ53 ಮೊದಲಾದ ಜೀನುಗಳ ಬದಲಾವಣೆಗಳ ಸರಣಿಯಾಗಿ ಫಿಯರಾನ್ ಮತ್ತು ವೋಗಲ್‌ಸ್ಟೈನ್ 1990ರಲ್ಲಿ ವಿವರಿಸಿದ್ದರು. ಎಪಿಸಿ ಪ್ರೋಟೀನಿನ ಒಂದು ಮುಖ್ಯ ಕೆಲಸವೆಂದರೆ ಬೀಟಾ-ಕೆಟೆನಿನ್ನನ್ನು ಕೋಶದೊಳಗೆ ಪ್ರೋಟೀನುಗಳನ್ನು ಚೂರು ಮಾಡುವ ಪ್ರೋಟಿಯಸೋಮಿಗೆ ಒಪ್ಪಿಸಿ ನಾಶಮಾಡಿಸುವ ವ್ಯವಸ್ಥೆಗೆ ಆಧಾರವಾಗಿ ನಿಲ್ಲುವುದು. ಎಪಿಸಿ ಕೆಟ್ಟಾಗ ಬೀಟಾ-ಕೆಟೆನಿನ್ ಹೊಸದಾಗಿ ಹೆಚ್ಚು ತಯಾರಾಗಬೇಕಿಲ್ಲ. ನಾಶವಾಗದೆ ಉಳಿದದ್ದೇ ಸಾಕು, ಅದು ಕೋಶಕೇಂದ್ರಕ್ಕೆ ನುಗ್ಗಿ ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ. ನಾವು ಸ್ಲೈಡಿನಲ್ಲಿ ಕಾಣುವ ಕಂದು ನ್ಯೂಕ್ಲಿಯಸ್ ಆ ನಾಶವಾಗದೆ ಉಳಿದ ಪಾಲು. ಎಚ್‌ಸಿಟಿ116 ಕೋಶಗಳಲ್ಲಿ ಎಪಿಸಿ ಸರಿಯಾಗಿಯೇ ಇದೆ, ಆದರೆ ನಾಶಕ್ಕೆ ಗುರುತು ಬೀಳುವ ಜಾಗದಲ್ಲೇ ಬೀಟಾ-ಕೆಟೆನಿನ್ ರೂಪಾಂತರಗೊಂಡಿದೆ. ದಾರಿ ಬೇರೆ, ಫಲ ಒಂದೇ.

ಪಿ53 ಇನ್ನೂ ಸ್ಪಷ್ಟ. ಆರೋಗ್ಯವಂತ ಕೋಶದಲ್ಲಿ ಪಿ53 ತಯಾರಾಗುತ್ತಲೇ ಇರುತ್ತದೆ, ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಅದನ್ನು ನಿಮಿಷಗಳಲ್ಲೇ ನಾಶಕ್ಕೆ ಕಳಿಸುತ್ತಲೇ ಇರುತ್ತದೆ, ಆದ್ದರಿಂದ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಮಾತ್ರ ಮಸುಕಾಗಿ ಬಣ್ಣ ಹಿಡಿಯುತ್ತದೆ. ರೂಪಾಂತರಗೊಂಡ ಪಿ53 ನಾಶವಾಗದೆ ಕೂಡಿಕೊಂಡು ನ್ಯೂಕ್ಲಿಯಸ್ಸುಗಳೆಲ್ಲ ಗಾಢ ಕಂದಾಗುತ್ತವೆ. ಅಂದರೆ ಗಡ್ಡೆಯನ್ನು ತಡೆಯುವ ಪ್ರೋಟೀನು ಅತಿ ಹೆಚ್ಚು ಕಾಣುವ ಕಡೆಯೇ ಅದರ ಕೆಲಸ ನಿಂತಿರುವುದು. ಇನ್ನು ಕೆಲವು ರೂಪಾಂತರಗಳಲ್ಲಿ ಪ್ರೋಟೀನೇ ತಯಾರಾಗದೆ ಒಂದು ಚುಕ್ಕಿಯೂ ಬಣ್ಣ ಬರುವುದಿಲ್ಲ, ಅದೂ ಅಸಹಜವೇ. ಬಣ್ಣ ಹೆಚ್ಚಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್ ಎಂಬ ಭಾಷೆ ಪಿ53ಗೆ ಎಷ್ಟು ಒಗ್ಗುವುದಿಲ್ಲವೋ ಪಿ62ಗೂ ಅಷ್ಟೇ ಒಗ್ಗುವುದಿಲ್ಲ.

ದಿನವೂ ಬೆಂಚಿಗೆ ಬರುವ ಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್) ಪರೀಕ್ಷೆಯೂ ಇದನ್ನೇ ಕಲಿಸುತ್ತದೆ. ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳಲ್ಲಿ ಎಂಎಲ್‌ಎಚ್1 ಮತ್ತು ಪಿಎಂಎಸ್2 ಒಂದು ಜೋಡಿ, ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇನ್ನೊಂದು. ಎಂಎಲ್‌ಎಚ್1 ಇಲ್ಲವಾದಾಗ ಪಿಎಂಎಸ್2 ಜೀನು ಸಂಪೂರ್ಣ ಆರೋಗ್ಯವಾಗಿದ್ದರೂ ಅದರ ಪ್ರೋಟೀನು ಸಂಗಾತಿಯಿಲ್ಲದೆ ನಿಲ್ಲಲಾರದೆ ನಾಶವಾಗುತ್ತದೆ, ಸ್ಲೈಡಿನಲ್ಲಿ ಎರಡೂ ಕಾಣೆಯಾಗುತ್ತವೆ. ಪಿಎಂಎಸ್2 ಮಾತ್ರ ಕಾಣೆಯಾಗಿ ಎಂಎಲ್‌ಎಚ್1 ಉಳಿದಿದ್ದರೆ ಮಾತ್ರ ಮೊದಲ ಅನುಮಾನ ಪಿಎಂಎಸ್2 ಜೀನಿನ ಮೇಲೆ ಹೋಗಬೇಕು. ಇದು ಪುಸ್ತಕದ ಸೂಕ್ಷ್ಮವಾಗಿ ಉಳಿಯುವುದಿಲ್ಲ: ಕರುಳಿನ ಕ್ಯಾನ್ಸರ್ ತರುವ ಆನುವಂಶಿಕ ಸಮಸ್ಯೆಯಾದ ಲಿಂಚ್ ಸಿಂಡ್ರೋಮ್ ಅನುಮಾನವಿರುವ ಕುಟುಂಬಕ್ಕೆ ಯಾವ ಜೀನನ್ನು ಪರೀಕ್ಷಿಸಬೇಕು ಎಂಬ ಸಲಹೆ ಈ ಓದಿನ ಮೇಲೆ ನಿಂತಿದೆ. ಅಮೆರಿಕದ ಎಫ್‌ಡಿಎ 2020ರಲ್ಲಿ ಇಂಥ ದೋಷವುಳ್ಳ, ಬೇರೆಡೆಗೆ ಹರಡಿದ ಕ್ಯಾನ್ಸರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧವನ್ನು ಮೊದಲ ಹಂತದ ಚಿಕಿತ್ಸೆಯಾಗಿ ಒಪ್ಪಿದ ಮೇಲಂತೂ ನಾಲ್ಕು ಸ್ಲೈಡುಗಳ ಈ ಪರೀಕ್ಷೆಯ ಫಲಿತಾಂಶಕ್ಕೆ ಆಂಕಾಲಜಿ ವಿಭಾಗದವರು ಕಾದಿರುತ್ತಾರೆ.

ರಕ್ತದಲ್ಲಿ ಅಳೆಯುವ ಕ್ಯಾನ್ಸರ್ ಸೂಚಕ ಸಿಇಎ ಕೂಡ ಹೊರತಲ್ಲ. ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ವರದಿ ಮಾಡಿದ ಈ ಪ್ರೋಟೀನನ್ನು ರಕ್ತದಿಂದ ತೆಗೆಯುವುದು ಮುಖ್ಯವಾಗಿ ಯಕೃತ್ತು. ಯಕೃತ್ತಿನ ಕಾಯಿಲೆ ಇದ್ದವರಲ್ಲಿ, ಪಿತ್ತನಾಳ ಕಟ್ಟಿಕೊಂಡವರಲ್ಲಿ ಗಡ್ಡೆ ಇಲ್ಲದೆಯೂ ಸಿಇಎ ಏರಬಹುದು. ಧೂಮಪಾನಿಗಳಲ್ಲಿಯೂ ತುಸು ಹೆಚ್ಚಿರುತ್ತದೆ. ರೋಗಪತ್ತೆಗೆ ಇದನ್ನು ನೆಚ್ಚದೆ, ಶಸ್ತ್ರಚಿಕಿತ್ಸೆಯ ನಂತರ ಕ್ಯಾನ್ಸರ್ ಮರುಕಳಿಸುತ್ತಿದೆಯೇ ಎಂದು ಅದೇ ವ್ಯಕ್ತಿಯ ಹಿಂದಿನ ಅಂಕಿಗಳೊಡನೆ ಹೋಲಿಸಿ ನೋಡಲು ಬಳಸುವುದಕ್ಕೆ ಇದೂ ಒಂದು ಕಾರಣ.

ಇಷ್ಟು ನೋಡಿದ ಮೇಲೆ ಪಿ62 ಸ್ಲೈಡಿಗೆ ಮರಳಬಹುದು. ನಮ್ಮ ವಿಭಾಗದಲ್ಲಿ ಪಿ62ಯನ್ನು ಒಂಟಿಯಾಗಿ ಓದುವುದಿಲ್ಲ. ಪಕ್ಕದ ಪದರದಲ್ಲೇ ಎಲ್‌ಸಿ3 ಬಣ್ಣ ಹಾಕಿ ಎರಡನ್ನೂ ಒಂದೇ ಜಾಗದಲ್ಲಿ ನೋಡುತ್ತೇವೆ. ಎಲ್‌ಸಿ3 ಚುಕ್ಕಿಗಳು ತುಂಬಿದ್ದು ಪಿ62 ಕಡಿಮೆಯಿದ್ದರೆ ಚೀಲಗಳು ಹುಟ್ಟುತ್ತಿವೆ, ಅರಗುತ್ತಲೂ ಇವೆ ಎಂಬ ಅಭಿಪ್ರಾಯಕ್ಕೆ ಬೆಂಬಲ ಸಿಗುತ್ತದೆ. ಚುಕ್ಕಿಗಳೂ ಹೆಚ್ಚು, ಪಿ62ಯೂ ಹೆಚ್ಚು ಎಂದಾದರೆ ಚೀಲಗಳು ಹುಟ್ಟಿ ಮುಂದೆ ಹೋಗಲಾರದೆ ನಿಂತಿರುವ ಸಾಧ್ಯತೆ ದೊಡ್ಡದು. ಚುಕ್ಕಿಗಳಿಲ್ಲದೆ ಪಿ62 ಮಾತ್ರ ಕೂಡಿಕೊಂಡಿದ್ದರೆ ಆಟೋಫೇಜಿ ಆರಂಭದಲ್ಲೇ ಸೋತಿರಬಹುದು. ಎಲ್ಲ ಕಡೆಯೂ ‘ಸಾಧ್ಯತೆ’, ‘ಇರಬಹುದು’ ಎನ್ನಲು ಕಾರಣವೇನೆಂದರೆ ಪಿ62 ಹೆಚ್ಚಾಗಲು ಇನ್ನೊಂದು ದಾರಿಯೂ ಇದೆ. ಆಕ್ಸಿಡೀಕರಣದ ಒತ್ತಡದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನು ಪಿ62 ಜೀನನ್ನೇ ಹೆಚ್ಚು ಓದಿಸುತ್ತದೆ. ಹಾಗೆ ಹೆಚ್ಚಾದ ಪಿ62, ಎನ್‌ಆರ್‌ಎಫ್2ನ್ನು ಅಡಗಿಸಿಡುವ ಕೀಪ್1ನ್ನು ಹಿಡಿದುಕೊಂಡು ಎನ್‌ಆರ್‌ಎಫ್2ಕ್ಕೆ ಇನ್ನಷ್ಟು ಬಿಡುಗಡೆ ಕೊಡುತ್ತದೆ. ಈ ಸುತ್ತು ಒಮ್ಮೆ ಆರಂಭವಾದರೆ ಆಟೋಫೇಜಿ ಸುಸ್ಥಿತಿಯಲ್ಲಿದ್ದರೂ ಸ್ಲೈಡ್ ಕಂದಾಗುತ್ತದೆ. ಸಂಶೋಧನೆಯ ಮಾದರಿಗಳಲ್ಲಿ ಅದೇ ಬ್ಲಾಕಿನಿಂದ ಪಿ62ಯ ಆರ್‌ಎನ್‌ಎಯನ್ನೂ ಅಳೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಆರ್‌ಎನ್‌ಎ ಸಾಮಾನ್ಯವಾಗಿದ್ದು ಪ್ರೋಟೀನು ಮಾತ್ರ ಹೆಚ್ಚಿದ್ದರೆ ವಿಲೇವಾರಿಯ ಕಡೆ ಬೆರಳು ತೋರಿಸಲು ಧೈರ್ಯ ಬರುತ್ತದೆ.

ಮೇಲೆ ಹೇಳಿದ ಬೀಟಾ-ಕೆಟೆನಿನ್ ಇಲ್ಲಿಯೂ ಕೈಹಾಕುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಬೀಟಾ-ಕೆಟೆನಿನ್ ಪಿ62 ಜೀನನ್ನು ಹತ್ತಿಕ್ಕುತ್ತದೆ ಎಂದೂ, ಆಹಾರ ನಿಂತಾಗ ಬೀಟಾ-ಕೆಟೆನಿನ್ ತಾನೇ ಎಲ್‌ಸಿ3ಗೆ ಅಂಟಿಕೊಂಡು ಆಟೋಫೇಜಿಯಿಂದ ಜೀರ್ಣವಾಗುತ್ತದೆ ಎಂದೂ 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಕೆಲಸವೊಂದು ತೋರಿಸಿತು. ಎರಡು ಸೂಚಕಗಳನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಅಂಕ ಹಾಕಿ ಕೊನೆಗೆ ಸಂಖ್ಯಾಶಾಸ್ತ್ರಜ್ಞರ ಕೈಗೆ ಕೊಡುವ ಪದ್ಧತಿ ನನಗೆ ಹಿಡಿಸದಿರುವುದು ಇಂಥ ಸಂಬಂಧಗಳು ಅಲ್ಲಿ ಕಳೆದುಹೋಗುತ್ತವೆ ಎಂಬ ಕಾರಣಕ್ಕೆ.

ಇದೆಲ್ಲದರ ಮೇಲೆ ರೋಗದ ಹಂತದ ಪ್ರಶ್ನೆ ಇದೆ. ಆಟೋಫೇಜಿ ಕ್ಯಾನ್ಸರಿಗೆ ಮಿತ್ರನೋ ಶತ್ರುವೋ ಎಂಬ ಪ್ರಶ್ನೆ ಪ್ರತಿ ಸಮ್ಮೇಳನದಲ್ಲೂ ಬರುತ್ತದೆ, ಮತ್ತು ಅದನ್ನು ಕೇಳುವ ರೀತಿಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆತ್ ಲೆವಿನ್ ಅವರ ತಂಡ 1999ರಲ್ಲಿ, ಆಟೋಫೇಜಿಯನ್ನು ಆರಂಭಿಸುವ ಬೆಕ್ಲಿನ್-1 ಗಡ್ಡೆಯನ್ನು ಹತ್ತಿಕ್ಕಬಲ್ಲದು ಎಂದು ತೋರಿಸಿತು. ಬೆಕ್ಲಿನ್-1ರ ಒಂದೇ ಪ್ರತಿ ಉಳಿದ ಇಲಿಗಳಲ್ಲಿ ತಾವಾಗಿಯೇ ಗಡ್ಡೆಗಳು ಹುಟ್ಟುತ್ತವೆ ಎಂಬುದು 2003ರಲ್ಲಿ ತಿಳಿಯಿತು. ಕೆಟ್ಟ ಮೈಟೊಕಾಂಡ್ರಿಯಗಳು, ಪಿ62 ಮುದ್ದೆಗಳು ತೆರವಾಗದಿದ್ದರೆ ಡಿಎನ್‌ಎಗೆ ಪೆಟ್ಟು ಬೀಳುತ್ತದೆ ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಆದರೆ ಕರುಳಿನ ವಿಷಯದಲ್ಲಿ 2015ರ ಒಂದು ಫ್ರೆಂಚ್ ಅಧ್ಯಯನ ಬೇರೆಯೇ ಮಾತು ಹೇಳಿತು: ಎಪಿಸಿಯ ಒಂದು ಪ್ರತಿ ಕಳೆದುಕೊಂಡ ಇಲಿಗಳ ಕರುಳಿನ ಒಳಪದರದಲ್ಲಿ ಎಟಿಜಿ7 ಜೀನನ್ನು ತೆಗೆದು ಆಟೋಫೇಜಿಯನ್ನು ನಿಲ್ಲಿಸಿದಾಗ ಗಡ್ಡೆಗಳು ಕಡಿಮೆಯಾದವು, ಮತ್ತು ಅದಕ್ಕೆ ಕರುಳಿನ ಸೂಕ್ಷ್ಮಾಣುಗಳು ಹಾಗೂ ಸಿಡಿ8 ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಕಾರಣವಾಗಿದ್ದವು. ಬೆಳೆದ ಗಡ್ಡೆಯಲ್ಲಂತೂ ರಕ್ತನಾಳದಿಂದ ದೂರ ಸಿಕ್ಕಿಬಿದ್ದ, ಆಮ್ಲಜನಕವೂ ಗ್ಲೂಕೋಸೂ ಸಿಗದ ಕೋಶಗಳಿಗೆ ಆಟೋಫೇಜಿಯೇ ಊಟ. ಕಿಮೊಥೆರಪಿಯ ಏಟನ್ನು ತಡೆದುಕೊಳ್ಳಲೂ ಅವು ಅದನ್ನೇ ನೆಚ್ಚುತ್ತವೆ.

ಆದ್ದರಿಂದ ಒಂದೇ ಗಡ್ಡೆಯ ಒಂದೇ ಸ್ಲೈಡಿನಲ್ಲಿ ಎಲ್ಲಿ ನೋಡುತ್ತೀರಿ ಎಂಬುದು ಮುಖ್ಯವಾಗುತ್ತದೆ. ಕೊಳೆತ ಮಧ್ಯಭಾಗದ ಅಂಚಿನಲ್ಲಿ ಕಾಣುವ ಚಿತ್ರವೇ ಬೇರೆ, ಗೋಡೆಯ ಸ್ನಾಯುವಿನೊಳಗೆ ನಾಲ್ಕಾರು ಕೋಶಗಳ ಸಣ್ಣ ಗುಂಪುಗಳಾಗಿ ನುಗ್ಗುತ್ತಿರುವ ಅಂಚಿನ ಚಿತ್ರವೇ ಬೇರೆ. ಗಡ್ಡೆಯಿಂದ ಒಂದು ಮಿಲಿಮೀಟರಿನಷ್ಟು ಸಣ್ಣ ಕಡ್ಡಿಯಾಕಾರದ ತುಣುಕುಗಳನ್ನು ತೆಗೆದು, ಅನೇಕ ರೋಗಿಗಳ ತುಣುಕುಗಳನ್ನು ಒಂದೇ ಬ್ಲಾಕಿನಲ್ಲಿ ಜೋಡಿಸುವ ಟಿಶ್ಯೂ ಮೈಕ್ರೋಅರೇ ವಿಧಾನದಲ್ಲಿ, ತುಣುಕು ಎಲ್ಲಿಂದ ಬಂತು ಎಂದು ದಾಖಲಿಸದ ಅಧ್ಯಯನಗಳನ್ನು ನಾನು ಈಗ ಬಹಳ ಎಚ್ಚರಿಕೆಯಿಂದ ಓದುತ್ತೇನೆ. ಬೆಕ್ಲಿನ್-1 ಹೆಚ್ಚಿದ್ದರೆ ರೋಗಿ ಹೆಚ್ಚು ಕಾಲ ಬದುಕುತ್ತಾರೆ ಎಂಬ ವರದಿಯೂ, ಕಡಿಮೆ ಕಾಲ ಬದುಕುತ್ತಾರೆ ಎಂಬ ವರದಿಯೂ ಇರುವುದಕ್ಕೆ ಆಂಟಿಬಾಡಿಯ ವ್ಯತ್ಯಾಸ, ‘ಹೆಚ್ಚು’ ಎನ್ನಲು ಗೆರೆ ಎಳೆದ ಜಾಗ, ಮತ್ತು ಈ ಸ್ಥಳದ ವ್ಯತ್ಯಾಸ ಸೇರಿ ಬಹುಪಾಲು ಕಾರಣವಾಗಿರಬೇಕು. ಫಲಿತಾಂಶ ನೋಡಿದ ಮೇಲೆ ಗೆರೆಯನ್ನು ಅತ್ತಿತ್ತ ಸರಿಸಿದರೆ ಯಾವ ಪ್ರೋಟೀನನ್ನಾದರೂ ಬಯೋಮಾರ್ಕರ್ ಮಾಡಬಹುದು.

ಈಗ ಪ್ರಬಂಧಗಳಲ್ಲಿ ಅರ್ಧ ಸಾಲಿನಲ್ಲಿ ಮುಗಿಯುವ, ನನ್ನ ಕೆಲಸದಲ್ಲಿ ಬಹುಪಾಲು ಸಮಯ ತಿನ್ನುವ ವಿಷಯ: ಅಂಗಾಂಶ ಫಾರ್ಮಾಲಿನ್ ತಲುಪುವವರೆಗಿನ ಪ್ರಯಾಣ. ಆಟೋಫೇಜಿ ಹಸಿವಿಗೆ ಪ್ರತಿಕ್ರಿಯಿಸುವ ಕ್ರಿಯೆ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ನರು ಗಡ್ಡೆಯನ್ನು ಹೊರತೆಗೆಯುವ ಬಹಳ ಮುಂಚೆಯೇ ಅದಕ್ಕೆ ರಕ್ತ ತರುವ ನಾಳವನ್ನು ಕಟ್ಟುತ್ತಾರೆ, ಲ್ಯಾಪರೊಸ್ಕೋಪಿಯಲ್ಲಿ ಅದು ಸಾಮಾನ್ಯವಾಗಿ ಮೊದಲ ಹೆಜ್ಜೆಗಳಲ್ಲೊಂದು. ಅಲ್ಲಿಂದಲೇ ಗಡ್ಡೆಯ ಉಪವಾಸ ಆರಂಭ. ಹೊರಬಂದ ಮೇಲೆ ಆಪರೇಷನ್ ಥಿಯೇಟರಿನ ಟ್ರೇಯಲ್ಲಿ ಕಾಯುವ ಹೊತ್ತು ಬೇರೆ. ಫಾರ್ಮಾಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ವೇಗದಲ್ಲಿ. ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಹಲಗೆಗೆ ಪಿನ್ ಮಾಡದೆ ಹಾಗೆಯೇ ಡಬ್ಬಿಗೆ ಹಾಕಿದರೆ ಒಳಗಿನ ಕೋಶಗಳು ಗಂಟೆಗಟ್ಟಲೆ ತಮ್ಮನ್ನೇ ಅರಗಿಸಿಕೊಳ್ಳುತ್ತಾ ಇರಬಲ್ಲವು. ನಾವು ಅಳೆಯಲು ಹೊರಟಿರುವ ಕ್ರಿಯೆಯೇ ಡಬ್ಬಿಯೊಳಗೆ ಬದಲಾಗುತ್ತಿರಬಹುದು! ಅದಕ್ಕೆ ಹೋಲಿಸಿದರೆ ಕೊಲೊನೊಸ್ಕೋಪಿಯಲ್ಲಿ ತೆಗೆದ ಸಣ್ಣ ಬಯಾಪ್ಸಿ ತುಣುಕು ಕೂಡಲೇ ಫಾರ್ಮಾಲಿನ್‌ಗೆ ಬೀಳುತ್ತದೆ. ಆಯ್ಕೆಯಿದ್ದಲ್ಲಿ ಎಂಎಂಆರ್ ಪರೀಕ್ಷೆಗೂ ಬಯಾಪ್ಸಿಯನ್ನೇ ಮೆಚ್ಚುವುದು ಇದರಿಂದಲೇ. ಗುದನಾಳದ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ವಿಕಿರಣ ಮತ್ತು ಕಿಮೊಥೆರಪಿ ಕೊಟ್ಟ ಮೇಲೆ ಎಂಎಸ್‌ಎಚ್6 ಬಣ್ಣ ಮಂಕಾಗಿ ಹಾದಿ ತಪ್ಪಿಸುತ್ತದೆ ಎಂಬುದೂ ಇನ್ನೊಂದು ಕಾರಣ.

ಸ್ತನ ಕ್ಯಾನ್ಸರಿನ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಗೆ, ಮಾದರಿ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು ಎಂಬ ನಿಯಮವಿದೆ. ಆಟೋಫೇಜಿ ನೋಡಬೇಕಾದ ಕರುಳಿನ ಮಾದರಿಗೂ ನಾವು ಅದನ್ನೇ ಪಾಲಿಸುತ್ತೇವೆ, ಮತ್ತು ನಾಳ ಕಟ್ಟಿದ ವೇಳೆ, ಹೊರತೆಗೆದ ವೇಳೆ, ಫಾರ್ಮಾಲಿನ್‌ಗೆ ಹಾಕಿದ ವೇಳೆ ಮೂರನ್ನೂ ಬರೆಯಿಸುತ್ತೇವೆ. ಇದನ್ನು ಒಪ್ಪಿಸಿದ್ದು ಯಾವ ಉಪನ್ಯಾಸವೂ ಅಲ್ಲ. ಥಿಯೇಟರಿನ ಸಿಸ್ಟರ್ ಒಬ್ಬರು “ಡಬ್ಬಿ ಮೇಲೆ ಜಾಗ ಕೊಡಿ ಮೇಡಂ, ಅನಸ್ತೀಷಿಯಾ ಚಾರ್ಟ್ ನೋಡಿ ನಾವೇ ಬರೀತೀವಿ” ಎಂದದ್ದು. ಲೇಬಲ್ ಬದಲಾಯಿತು, ವೇಳೆ ಬರಲಾರಂಭಿಸಿತು.

ಕಂಟ್ರೋಲ್ ಸ್ಲೈಡಿನ ಬಗ್ಗೆಯೂ ಒಂದು ಮಾತು. ಎಂಎಂಆರ್ ಸ್ಲೈಡಿನಲ್ಲಿ ಗಡ್ಡೆಯ ನಡುವಿನ ಲಿಂಫೋಸೈಟುಗಳೂ ಸಹಜ ಕೋಶಗಳೂ ಬಣ್ಣ ಹಿಡಿದಿರಬೇಕು; ಅವೂ ಖಾಲಿ ಇದ್ದರೆ ಅಭಿಪ್ರಾಯ ಕೊಡುವಂತಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು. ಎಲ್‌ಸಿ3ಗೆ ಇಂಥ ಭರವಸೆಯ ಒಳಗಿನ ಸಾಕ್ಷಿ ಸಿಗುವುದು ಕಷ್ಟ. ಅದಕ್ಕಾಗಿ ನಾವು ಎಚ್‌ಸಿಟಿ116 ಮತ್ತು ಎಚ್‌ಟಿ29 ಕೋಶಗಳನ್ನು ಬೆಳೆಸಿ, ಒಂದು ಪಾಲಿಗೆ ಬ್ಯಾಫಿಲೊಮೈಸಿನ್ ಹಾಕಿ, ಒಂದು ಪಾಲನ್ನು ಹಾಗೆಯೇ ಬಿಟ್ಟು, ಎರಡನ್ನೂ ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಿಸಿ ಬ್ಲಾಕ್ ಮಾಡಿ ಇಟ್ಟುಕೊಂಡಿದ್ದೇವೆ. ರೋಗಿಯ ಸ್ಲೈಡಿನ ಜೊತೆ ಪ್ರತಿ ಬಾರಿಯೂ ಇವುಗಳಿಗೂ ಬಣ್ಣ ಹಾಕುತ್ತೇವೆ. ತಡೆ ಹಾಕಿದ ಕೋಶದಲ್ಲಿ ಚುಕ್ಕಿಗಳು ಹೆಚ್ಚದಿದ್ದರೆ ಆ ದಿನದ ಬಣ್ಣವನ್ನು ನಂಬುವುದಿಲ್ಲ. ಸಣ್ಣ ಪ್ರಯೋಗಾಲಯಗಳಿಗೂ ಇದು ಎಟುಕುವ ಖರ್ಚೇ, ಬೇಕಾಗಿರುವುದು ಕೋಶ ಬೆಳೆಸುವ ಸೌಲಭ್ಯವಿರುವ ನೆರೆಯ ವಿಭಾಗದೊಡನೆ ಸ್ನೇಹ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು, 9 ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡರು. ಇಷ್ಟು ದೊಡ್ಡ ರೋಗದಲ್ಲಿ ಹೊಸ ಸೂಚಕದ ಹುಡುಕಾಟ ಸಹಜ, ಆಟೋಫೇಜಿಯನ್ನು ತಡೆಯುವ ಔಷಧದ ಆಸೆಯೂ ಸಹಜ. ಮಲೇರಿಯಾಕ್ಕೆ ಬಳಸುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಲೈಸೋಸೋಮಿನ ಕೆಲಸ ಕೆಡಿಸುತ್ತದೆಯಾದ್ದರಿಂದ ಅದನ್ನು ಕಿಮೊಥೆರಪಿಯ ಜೊತೆ ಕೊಟ್ಟು ನೋಡುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. ನಿತ್ಯದ ಚಿಕಿತ್ಸೆಗೆ ಅದು ಬಂದಿಲ್ಲ. ಆ ಪ್ರಯೋಗಗಳಲ್ಲಿ ಔಷಧ ನಾಟುತ್ತಿದೆಯೇ ಎಂದು ತಿಳಿಯಲು ರೋಗಿಯ ರಕ್ತದ ಬಿಳಿಕೋಶಗಳಲ್ಲಿ ಆಟೋಫೇಜಿಯ ಚೀಲಗಳು ಹೆಚ್ಚಾಗಿವೆಯೇ ಎಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಣಿಸಿದ್ದರು. ಚೀಲಗಳು ಕೂಡಿಕೊಂಡಿದ್ದರೆ ತಡೆ ಬಿದ್ದಿದೆ ಎಂದರ್ಥ.

ಇದರಿಂದ ನಮ್ಮ ಬೆಂಚಿಗೆ ನೇರವಾಗಿ ಬಂದ ಬದಲಾವಣೆ ಒಂದಿದೆ. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ ಜನ. 2020ರ ಮಾರ್ಚಿನಲ್ಲಿ ಐಸಿಎಂಆರ್ ಸಲಹೆಯಂತೆ ಕೋವಿಡ್ ತಡೆಗೆಂದು ಅದನ್ನು ನುಂಗಿದ ಆಸ್ಪತ್ರೆ ಸಿಬ್ಬಂದಿಯೂ, ಸೋಂಕಿತರ ಮನೆಯವರೂ ಇದ್ದಾರೆ. ಅಂಥವರ ಗಡ್ಡೆಯಲ್ಲಿ ಎಲ್‌ಸಿ3 ಮತ್ತು ಪಿ62 ಎರಡೂ ಗಾಢವಾಗಿ ಬಂದರೆ ಅದು ಗಡ್ಡೆಯ ಗುಣವೋ ಮಾತ್ರೆಯ ಪರಿಣಾಮವೋ ಎಂದು ಸ್ಲೈಡ್ ಹೇಳುವುದಿಲ್ಲ. ಆದ್ದರಿಂದ ಸಂಶೋಧನೆಗೆ ಹಳೆಯ ಬ್ಲಾಕುಗಳನ್ನು ಆರಿಸುವಾಗ ಔಷಧದ ವಿವರ ಸಿಗದವನ್ನು ಬೇರೆ ಇಡುತ್ತೇವೆ, ಹೊಸ ಮಾದರಿಗಳ ರಿಕ್ವಿಸಿಷನ್ ಫಾರ್ಮಿನಲ್ಲಿ ಕ್ಲೋರೊಕ್ವಿನ್ ಗುಂಪಿನ ಮಾತ್ರೆಗೆ ಪ್ರತ್ಯೇಕ ಕಾಲಂ ಇದೆ. ಆಟೋಫೇಜಿಯ ಸೂಚಕಗಳನ್ನು ರೋಗಿಯ ಚಿಕಿತ್ಸೆಯ ರಿಪೋರ್ಟಿನಲ್ಲಿ ಇನ್ನೂ ಸೇರಿಸುವುದಿಲ್ಲ. ಸಂಶೋಧನಾ ದಾಖಲೆಯಲ್ಲಿ ಮಾತ್ರ, ಎಲ್‌ಸಿ3 ಮತ್ತು ಪಿ62 ಜೊತೆಯಾಗಿ, ಗಡ್ಡೆಯ ಯಾವ ಭಾಗದಿಂದ ಎಂಬ ಟಿಪ್ಪಣಿಯೊಡನೆ ಬರೆಯುತ್ತೇವೆ. ‘ಆಟೋಫೇಜಿ ಹೆಚ್ಚು’ ಅಥವಾ ‘ಕಡಿಮೆ’ ಎಂಬ ಪದಗಳಿಗೆ ಆ ದಾಖಲೆಯಲ್ಲಿ ಕಾಲಂ ಇಲ್ಲ.